ಅಮೃತಮತಿ ನಾಟಕದಲ್ಲಿ ಮಾವುತ ಯಾವ ಹಾಡು ಹಾಡಬೇಕು?

ಪರದೆ ಎಳೆಯುವವ (ಹಾಸನ):

ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ನಾಟಕ ತಂಡ. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬರು ಎಲ್‌ಐಸಿ ಏಜೆಂಟರು. ಪ್ರತಿ ಸಲ ಊರಿನವರದು ಒಂದೇ ಬೇಡಿಕೆ: ವಿಷ್ಣುವರ್ಧನ, ಶಾಂತಲೆ. ಬೇಲೂರು ಪಕ್ಕದಲ್ಲೇ ಇರುವಾಗ ಕೇಳುವುದು ಸಹಜ ಬಿಡಿ. ಆದರೆ ನನಗೆ ಸಾಕಾಗಿದೆ. ಶಾಂತಲೆ ಕುಣಿಯುತ್ತಾಳೆ, ರಾಜ ಮರುಳಾಗುತ್ತಾನೆ, ಕೊನೆಗೆ ಶಿವಗಂಗೆ ಬೆಟ್ಟ. ಪ್ರೇಕ್ಷಕರಿಗೆ ಮುಂದಿನ ಮಾತು ನಮಗಿಂತ ಮೊದಲೇ ಗೊತ್ತಿರುತ್ತದೆ.

ಹಾಗಾಗಿ ಈ ಸಲ ಜನ್ನನ ‘ಯಶೋಧರ ಚರಿತೆ’ ಹಿಡಿದಿದ್ದೇವೆ. 1209ರ ಕಾವ್ಯ. ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು. ಕಥೆ ನಡೆಯುವುದು ಉಜ್ಜಯಿನಿಯಲ್ಲಾದರೂ ನನ್ನ ಲೆಕ್ಕದಲ್ಲಿ ಇದು ಹಳೇಬೀಡಿನದ್ದೇ. ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. ರಾಜ ಯಶೋಧರ, ರಾಣಿ ಅಮೃತಮತಿ. ಇಬ್ಬರಿಗೂ ಪ್ರೀತಿ ಇದೆ, ಯಾವ ಕೊರತೆಯೂ ಇಲ್ಲ. ಒಂದು ದಿನ ಬೆಳಗಾಗುವ ಹೊತ್ತಿಗೆ ಆನೆ ಲಾಯದ ಕಡೆಯಿಂದ ಹಾಡು ಕೇಳುತ್ತದೆ. ರಾಣಿಗೆ ಎಚ್ಚರವಾಗುತ್ತದೆ. ಅಷ್ಟೇ, ಅವಳ ಮನಸ್ಸು ಹೋಯಿತು. ಹಾಡಿದವನು ಅಷ್ಟಾವಂಕ ಅನ್ನುವ ಮಾವುತ. ರಾಣಿಯ ಗೆಳತಿ ಹೋಗಿ ನೋಡಿ ಬಂದು ಅವನ ಕುರೂಪವನ್ನೆಲ್ಲ ಹೇಳುತ್ತಾಳೆ. ಒಲವು ಹುಟ್ಟಿದ ಮೇಲೆ ರೂಪ ಕಟ್ಟಿಕೊಂಡು ಏನಾಗಬೇಕು ಎನ್ನುತ್ತಾಳೆ ರಾಣಿ.

ಈಗ ನನ್ನ ತಲೆನೋವು. ನಾಟಕ ನಿಂತಿರುವುದೇ ಆ ಒಂದು ಹಾಡಿನ ಮೇಲೆ. ನಮ್ಮಲ್ಲಿ ಗಣಪತಿ ಉತ್ಸವಗಳಲ್ಲಿ ಹಾಡುವ ಆರ್ಕೆಸ್ಟ್ರಾ ಗಾಯಕರೊಬ್ಬರಿದ್ದಾರೆ. ಒಳ್ಳೆಯ ಕಂಠ, ನೋಡಲೂ ಲಕ್ಷಣ. ‘ಒಂದು ಹಳೇ ಸಿನಿಮಾ ಲವ್ ಸಾಂಗ್ ಹಾಕಿಬಿಡಿ ಸಾರ್, ಹಾಲ್ ಎದ್ದು ಕುಣಿಯುತ್ತೆ’ ಅನ್ನುತ್ತಾರೆ. ನನಗೆ ಯಾಕೋ ಒಗ್ಗುತ್ತಿಲ್ಲ. ಭಾವಗೀತೆಯೂ ಹೊಂದುತ್ತಿಲ್ಲ. ಏನು ಹಾಡಿಸಲಿ?

ನಿವೃತ್ತ ಕನ್ನಡ ಮೇಷ್ಟ್ರು (ಅರಸೀಕೆರೆ):

ಮಾವುತ ಯಾವ ಸಾಲು ಹಾಡಿದ ಎಂದು ಜನ್ನ ಬರೆಯುವುದೇ ಇಲ್ಲ. ದನಿ ನುಣುಪಾಗಿತ್ತು ಎನ್ನುತ್ತಾನೆ, ಮುಂದೆ ಹೋಗುತ್ತಾನೆ. ಅವನೇ ಬಿಟ್ಟದ್ದನ್ನು ನೀವು ಯಾಕೆ ತುಂಬುತ್ತೀರಿ? ಮಾತಿಲ್ಲದೆ ಹಾಡಿಸಿ.

ಇನ್ನೊಂದು ಮಾತು. ಇದೇ ಕಥೆಯಿಂದ ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ಬರೆದಿದ್ದಾರೆ. ಅಲ್ಲಿ ರಾಣಿ ಮತ್ತು ಮಾವುತ ಪಾಳು ಗುಡಿಯಲ್ಲಿರುತ್ತಾರೆ, ರಾಜ, ರಾಜಮಾತೆ, ಬಲಿಗೆಂದು ಹಿಟ್ಟಿನಲ್ಲಿ ಮಾಡಿದ ಹುಂಜ ಎಲ್ಲ ಅಲ್ಲಿಗೇ ಬಂದು ಸೇರುತ್ತವೆ. ಅದರ ಮಾತು ಬಳಸುವುದಾದರೆ ಅನುಮತಿ ಬೇಕು. ಜನ್ನನಿಂದ ನೇರ ತೆಗೆದುಕೊಂಡರೆ ಯಾರನ್ನೂ ಕೇಳಬೇಕಿಲ್ಲ.

ಕೀಬೋರ್ಡ್ ಕಿಟ್ಟಿ (ಚಿಕ್ಕಮಗಳೂರು):

ಮೇಷ್ಟ್ರೇ, ಮಾತಿಲ್ಲದ ಹಾಡಿಗೆ ಟಿಕೆಟ್ ಕೊಂಡವರು ಐದು ನಿಮಿಷ ಸುಮ್ನೆ ಕೂರುತ್ತಾರಾ? ಸಿನಿಮಾ ಹಾಡನ್ನು ಅಷ್ಟು ಕೀಳಾಗಿ ನೋಡಬೇಡಿ. ಕಾಣದ ದನಿಗೆ ಮನಸೋಲುವುದನ್ನು ನಮಗೆ ಕಲಿಸಿದ್ದೇ ಅದು. ಎಷ್ಟೋ ವರ್ಷ ತೆರೆಯ ಮೇಲೆ ರಾಜ್‌ಕುಮಾರ್, ಕಂಠ ಪಿ.ಬಿ. ಶ್ರೀನಿವಾಸ್ ಅವರದು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ಅಣ್ಣಾವ್ರೇ ಹಾಡತೊಡಗಿದರು. ಅಲ್ಲಿಯವರೆಗೆ ನಮ್ಮಮ್ಮ, ಚಿಕ್ಕಮ್ಮ ಎಲ್ಲ ಮರುಳಾಗಿದ್ದು ಯಾರ ದನಿಗೆ, ಯಾರ ಮುಖಕ್ಕೆ? ಅಮೃತಮತಿಯದೂ ಅದೇ ಕೇಸು ಅಲ್ವಾ.

ಮಾತು ಬೇಡ ಅಂದರೆ ರಾಗ ಹೇಳುತ್ತೇನೆ: ಭೂಪಾಳ. ಬೆಳಗಿನ ಜಾವದ ರಾಗ, ಐದೇ ಸ್ವರ. ಶ್ರುತಿ ಒಂದು ಸಾಕು, ನನ್ನ ಕೀಬೋರ್ಡೂ ಬೇಡ.

ಏಲಕ್ಕಿ ಗಿಡ (ಸಕಲೇಶಪುರ):

ನಮ್ಮ ತೋಟದ ಸುತ್ತ ಕಾಡಾನೆ ಹಾವಳಿ. ಹಾಗಾಗಿ ಪಳಗಿದ ಆನೆಗಳನ್ನೂ ಮಾವುತರನ್ನೂ ಹತ್ತಿರದಿಂದ ನೋಡಿದ್ದೇನೆ. ಅವರು ಆನೆಗೆ ಸೊಪ್ಪು ಹಾಕುವಾಗ, ಮೈ ತೊಳೆಯುವಾಗ ಏನೋ ಹೇಳುತ್ತಲೇ ಇರುತ್ತಾರೆ. ಬೈಗುಳವೂ ಇರುತ್ತೆ, ಮುದ್ದೂ ಇರುತ್ತೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಇಲ್ಲೇ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತಾಗ ಅದರ ಮಾವುತ ಅತ್ತದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ನಿಮ್ಮ ಅಷ್ಟಾವಂಕ ಹಾಡಿದ್ದು ರಾಣಿಗಲ್ಲ ಸ್ವಾಮಿ, ಆನೆಗೆ. ರಾಣಿ ಎಚ್ಚರವಾಗಿದ್ದಾಳೆ ಅಂತ ಅವನಿಗೆ ಗೊತ್ತೇ ಇಲ್ಲ.

ಪರದೆ ಎಳೆಯುವವ (ಹಾಸನ):

ಸಕಲೇಶಪುರದವರೇ, ಗಂಟು ಬಿಚ್ಚಿಕೊಟ್ಟಿರಿ. ಲವ್ ಸಾಂಗ್ ಯಾಕೆ ಒಗ್ಗುತ್ತಿಲ್ಲ ಅಂತ ಈಗ ತಿಳಿಯಿತು. ಅದರಲ್ಲಿ ಯಾವಾಗಲೂ ಒಬ್ಬಳು ‘ನೀನು’ ಇರುತ್ತಾಳೆ. ಹಾಡುವವನು ಅವಳನ್ನು ಒಲಿಸಲು ಹೊರಟಿರುತ್ತಾನೆ. ಇಲ್ಲಿ ಒಲಿಸುವ ಉದ್ದೇಶವೇ ಇಲ್ಲ. ಯುರೋಪಿನ ಟ್ರಿಸ್ಟನ್–ಇಸೋಲ್ಡೆ ಕಥೆಯಲ್ಲಾದರೆ ಮದ್ದು ಕುಡಿದು ಪ್ರೀತಿ ಹುಟ್ಟುತ್ತದೆ. ತಪ್ಪನ್ನು ಮದ್ದಿನ ಮೇಲೆ ಹಾಕಬಹುದು. ಜರ್ಮನ್ ಸಂಗೀತಕಾರ ವಾಗ್ನರ್ ಅದನ್ನು ಸಂಗೀತ ನಾಟಕ ಮಾಡಿ 1865ರಲ್ಲಿ ಮ್ಯೂನಿಕ್‌ನಲ್ಲಿ ಆಡಿಸಿದಾಗಲೂ ಮದ್ದಿನ ಬಟ್ಟಲು ಇತ್ತು. ಅಮೃತಮತಿಗೆ ಆ ನೆಪವೂ ಇಲ್ಲ. ಯಾರೋ ತನ್ನ ಪಾಡಿಗೆ ಹಾಡಿಕೊಂಡ, ಇವಳು ಕೇಳಿಸಿಕೊಂಡಳು.

ಬೆಳಕಿನ ಬಾಗಿಲು (ಬೇಲೂರು):

ಒಂದು ಪ್ರಶ್ನೆ. ಮಾವುತ ರಾಣಿಯನ್ನು ಹೊಡೆಯುವ ದೃಶ್ಯ ಇಟ್ಟಿದ್ದೀರಾ? ತಡವಾಗಿ ಬಂದಳು ಅಂತ ಹೊಡೆಯುತ್ತಾನೆ, ರಾಜ ಮರೆಯಲ್ಲಿ ನಿಂತು ಅದನ್ನು ನೋಡುತ್ತಾನೆ. ಕತ್ತಿ ಎತ್ತಿ ಮತ್ತೆ ಇಳಿಸುತ್ತಾನೆ. ಅದನ್ನು ಬಿಟ್ಟರೆ ‘ಪಾಪ, ಎಂಥಾ ಪ್ರೀತಿ’ ಅಂತ ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಮುಂದೆ ಅವಳೇ ಗಂಡನಿಗೂ ಅತ್ತೆಗೂ ವಿಷ ಹಾಕುವವಳು. ಜನ್ನ ಬರೆದಿದ್ದು ಜೈನ ಕಾವ್ಯ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಜನ್ಮಜನ್ಮಕ್ಕೆ ಪಾಪ ಬಿಡದು ಅನ್ನುವುದು ಅವನ ವಿಷಯ. ಪ್ರೀತಿ ಆ ದಾರಿಯ ಮೊದಲ ತಿರುವು ಮಾತ್ರ.

ಪರದೆ ಎಳೆಯುವವ (ಹಾಸನ):

ತಂಡದಲ್ಲಿ ಕೆಲವರು ಆ ದೃಶ್ಯ ತೆಗೆಯಿರಿ ಅಂದಿದ್ದರು ಮೇಡಂ. ಇರುತ್ತದೆ. ಏಟಿನ ಸದ್ದು ನಿಂತ ಮೇಲೆ ಅದೇ ಭೂಪಾಳ ಇನ್ನೊಮ್ಮೆ ಬರಲಿ ಅಂತ ಯೋಚಿಸಿದ್ದೇನೆ. ಆಗ ಅದು ಇಂಪಾಗಿ ಕೇಳುತ್ತೋ ಇಲ್ಲವೋ ನೋಡೋಣ.

ಕಿಟ್ಟಿ, ನಿಮ್ಮ ಮಾತೂ ವ್ಯರ್ಥವಾಗಿಲ್ಲ. ದನಿ ಒಬ್ಬರದು, ಮೈ ಇನ್ನೊಬ್ಬರದು ಅಂತಲೇ ಮಾಡುತ್ತೇವೆ. ಮಾವುತನ ಪಾತ್ರಕ್ಕೆ ನಮ್ಮ ಎಲ್‌ಐಸಿಯವರು ಒಪ್ಪಿದ್ದಾರೆ. ಗಾಯಕರು ಪ್ರೇಕ್ಷಕರ ಬೆನ್ನ ಹಿಂದೆ, ಬಾಗಿಲ ಬಳಿ ಕತ್ತಲಲ್ಲಿ ಕೂತು ಮೈಕಿಲ್ಲದೆ ಹಾಡಬೇಕು. ಇದನ್ನು ಅವರಿಗೆ ಹೇಳುವವರು ಯಾರು ಅಂತ ತಂಡದಲ್ಲಿ ಈಗ ಚರ್ಚೆ ನಡೆದಿದೆ. ಅವರು ಆಗಲೇ ಜರಿ ಪೇಟ ಬಾಡಿಗೆಗೆ ತಂದಿದ್ದಾರೆ.