ಗಾಳಿ ‘ಸೋರುತ್ತದೆ’ ಅನ್ನಬಹುದೇ?

ಗೆಳೆಯರೇ, ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ. ನಮ್ಮ ಹತ್ತಿರ ಹಳೆಯದೊಂದು ದೊಡ್ಡ ಮೋಟಾರ್‌ಹೋಮ್ ಇದೆ. ಒಳಗೆ ಅಡುಗೆಮನೆ, ಸೋಫಾ, ಮಂಚ ಎಲ್ಲ ಇದ್ದರೂ ತಳದಲ್ಲಿ ಅದು ಬಸ್ಸೇ. ಏರ್ ಬ್ರೇಕು, ಏರ್ ಸಸ್ಪೆನ್ಷನ್ನು; ಅಂದರೆ ಬ್ರೇಕು ಕೆಲಸ ಮಾಡುವುದೂ ಗಾಡಿಯ ಮೈ ಎತ್ತಿ ನಿಲ್ಲುವುದೂ ಗಾಳಿಯ ಒತ್ತಡದಿಂದಲೇ. ರಾತ್ರಿ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗ್ಗೆ ಹಿಂದಿನ ಎಡಮೂಲೆಗೆ ವಾಲಿ ನಿಂತಿರುತ್ತಿತ್ತು.

ಊರಿಂದ ಬಂದಿರುವ ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಚೊಂಬಿನಲ್ಲಿ ಸೋಪಿನ ನೀರು ಕಲಸಿ, ಹಳೇ ಬ್ರಷ್ ಹಿಡಿದು ಚಕ್ರದ ಪಕ್ಕ ಕೂತರು. ಎತ್ತರ ಹೊಂದಿಸುವ ವಾಲ್ವಿನ ಪೈಪು ಸೇರುವ ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. “ಇಲ್ಲಿ ಬಿಡ್ತಿದೆ ನೋಡು” ಅಂದರು. ಗಾಳಿಯ ಒತ್ತಡ ತೋರಿಸುವ ಮೀಟರ್ ನೋಡಿದಾಗ ಅವರ ಮಾತು ಬೇರೆ: “ಏರ್ ಇಳೀತಿದೆ.” ‘ಸೋರು’ ಒಮ್ಮೆಯೂ ಬರಲಿಲ್ಲ. ಕೇಳಿದರೆ, “ಸೋರೋದು ನೀರು, ಎಣ್ಣೆ. ಗಾಳಿ ಹೋಗುತ್ತೆ” ಅಂದರು. ಆದರೆ ಪತ್ರಿಕೆಗಳಲ್ಲಿ ‘ಅನಿಲ ಸೋರಿಕೆ’ ಅಂತ ದಿನಾ ಓದುತ್ತೇವೆ, ಅಲ್ವಾ?

ಸುಮ್ನೆ ಕೇಳುತ್ತಿಲ್ಲ. ಮನೆಯವರಿಗಾಗಿ ಕನ್ನಡದಲ್ಲೇ ಒಂದು ತಪಾಸಣೆ ಚೀಟಿ ಬರೆದು ಡ್ರೈವರ್ ಸೀಟಿನ ಹತ್ತಿರ ಅಂಟಿಸಬೇಕು. ಇಲ್ಲಿನ ಲೆಕ್ಕ ಹೀಗೆ: ಗಾಳಿ ಪೂರ್ತಿ ತುಂಬಿದ ಮೇಲೆ ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಆರಿಸಿ, ಬ್ರೇಕ್ ಬಿಟ್ಟರೆ ಒತ್ತಡ 1 ನಿಮಿಷಕ್ಕೆ 2 ಪಿಎಸ್‌ಐಗಿಂತ (ಒತ್ತಡ ಅಳೆಯುವ ಮಾನ) ಜಾಸ್ತಿ ಇಳಿಯಬಾರದು. ಪೆಡಲ್ ಒತ್ತಿ ಹಿಡಿದರೆ 3. ಇದು ಮೀಟರ್ ಹೇಳುವ ಮಾತು. ಇದಕ್ಕೆ ‘ಏರ್ ಇಳಿತ’ ಅಂತ ಬರೆದೆ. ಮಗಳು ‘ಏರಿಳಿತ’ ಅಂತ ಓದಿದಳು! ಅರ್ಥವೇ ತಿರುಗಿಹೋಯಿತು. ಈಗ ‘ಗಾಳಿ ಇಳಿತ’ ಅಂತ ತಿದ್ದಿದ್ದೇನೆ.

‘ಹೋಗು’ ಕೂಡ ತೊಡಕೇ. ‘ಗಾಳಿ ಹೋದರೆ ಬ್ರೇಕ್ ಹೋಗುತ್ತದೆ’ ಅಂತ ಬರೆದರೆ ಗಾಡಿ ನಿಲ್ಲದೆ ಓಡುತ್ತದೆ ಅನ್ನಿಸುತ್ತದೆ. ಇಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಡಿಸಿ ಹಿಡಿದಿರುವುದೇ ಗಾಳಿ. 60 ಪಿಎಸ್‌ಐ ಹತ್ತಿರ ಬಂದಾಗ ಎಚ್ಚರಿಕೆ ಕೂಗುತ್ತದೆ. ಇನ್ನೂ ಕೆಳಗೆ, 45ರಿಂದ 20ರ ನಡುವೆ, ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿದುಬಿಡುತ್ತದೆ. ಅದಕ್ಕೇ ‘ಗಾಳಿ ಹೋದರೆ ಬ್ರೇಕ್ ಹಿಡಿಯುತ್ತದೆ’ ಅಂತಲೇ ಬರೆದೆ.

ನಿಜವಾದ ಕಷ್ಟ ಇನ್ನೊಂದು ಸದ್ದಿನದು. 120 ಪಿಎಸ್‌ಐ ಆಸುಪಾಸಿಗೆ ಬಂದಾಗ ಗಾಳಿ ತುಂಬುವುದು ನಿಲ್ಲುತ್ತದೆ. ಆಗ ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನ ತಳದ ವಾಲ್ವ್ ತೆರೆದು, ಕಟ್ಟಿಕೊಂಡ ನೀರಿನ ಪಸೆಯನ್ನೆಲ್ಲ ‘ಪುಸ್’ ಅಂತ ಹೊರಗೆ ತಳ್ಳುತ್ತದೆ. ಮನೆಯವರು ಅದನ್ನೂ ಲೀಕ್ ಅಂತ ಹೆದರುತ್ತಾರೆ. ಹೆದರಬೇಕಾದದ್ದು ಆ ಪುಸ್ ನಿಲ್ಲದೆ ‘ಸುಯ್’ ಅಂತ ಮುಂದುವರಿದರೆ ಮಾತ್ರ. ಆ ‘ಪುಸ್’ ಅನ್ನುವುದಕ್ಕೆ ಅಪ್ಪ “ಡ್ರೈಯರ್ ಉಗುಳ್ತು” ಅಂದರು. ನೀರು ಸಮೇತ ಬರುವುದರಿಂದ ನನಗೆ ‘ಉಗುಳು’ ಬಹಳ ಹಿಡಿಸಿತು. ‘ಸುಯ್’ ಅಂದರೆ ಹಳಗನ್ನಡದಲ್ಲಿ ಉಸಿರು, ನಿಟ್ಟುಸಿರು. ಆ ಸದ್ದು ಪದವಾಗಿಯೇ ನಮ್ಮಲ್ಲಿದೆ.

ಹಾಗಾಗಿ ಮೀಟರಿನದು ‘ಇಳಿತ’, ಡ್ರೈಯರಿನದು ‘ಉಗುಳು’. ಆ ಗುಳ್ಳೆ ಎದ್ದ ಜಾಗದಲ್ಲಿ ಆಗುವುದಕ್ಕೆ ಏನನ್ನೋಣ? ‘ಸೋರಿಕೆ’ ಸಾಕೇ? ನಿಮ್ಮ ಕಡೆ ಸೈಕಲ್ ಟ್ಯೂಬಿನಿಂದ ಗಾಳಿ ಮೆಲ್ಲಗೆ ಹೋಗುತ್ತಿದ್ದರೆ ಪಂಕ್ಚರ್ ಅಂಗಡಿಯವರು ಏನನ್ನುತ್ತಾರೆ?