ಕೊನೆ ಸ್ಟಾಪಿನವರೆಗೆ ಬಸ್ ಸುತ್ತುವವರು ಅನುಭವ ಹೇಳಿ (ಕಾರವಾರ, ಶಿರಸಿ ಕಡೆ)

ಕೋಡಿಬಾಗ ಹೊಸಬ: ಕೆಲಸದ ಮೇಲೆ ಕಾರವಾರಕ್ಕೆ ಬಂದಿದ್ದೇನೆ. ರಜೆ ದಿನ ಯಾವುದೋ ಬಸ್ ಹತ್ತಿ, ಅದು ತಿರುಗುವ ಜಾಗದವರೆಗೂ ಹೋಗಿ ಬರುವುದೇ ನನ್ನ ಹವ್ಯಾಸ. ಬಿಣಗಾ, ಶಿರವಾಡ, ಮಾಜಾಳಿ ಎಲ್ಲ ಮುಗಿಯಿತು. ಈಗ ದೂರದ ರೂಟ್ ಬೇಕು. ಭಾನುವಾರ ಮಾತ್ರ ಬಿಡುವು. ಘಟ್ಟದಲ್ಲಿ ವಾಂತಿ ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ವಸ್ತಿ ಬಸ್: ಭಾನುವಾರ ಅಂದ್ರೆ ಕೆಟ್ಟಿತು. ಶಾಲೆ ಟೈಮಿನ ಟ್ರಿಪ್ಪೇ ಇರೋದಿಲ್ಲ. ನಾನು ಶಿರಸಿಯವ. ಸಂಜೆ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಲ್ಲುವ ಬಸ್ಸನ್ನೇ ಹಿಡಿಯೋದು. ಡ್ರೈವರ್, ಕಂಡಕ್ಟರ್ ಜೊತೆ ನಾನೂ ಸೀಟಿನ ಮೇಲೆ ಕಾಲು ಚಾಚಿದ್ದುಂಟು. ಆದರೆ ಖರ್ಚು ಕೇಳಿ. ಹೋದ ಮಳೆಗಾಲ ಹುಲೇಕಲ್ ಆಚೆ ವಸ್ತಿ. ಬೆಳಗ್ಗೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಊರವರು ಸೇರಿ ತಳ್ಳಿದರೂ ಕೆಮ್ಮಿ ಸುಮ್ಮನಾಯಿತು. ರಿಕ್ಷಾದವ 450 ಹೇಳಿದ. ಚಿಲ್ಲರೆ ಇಲ್ಲ ಅಂತ 500 ಇಟ್ಟುಕೊಂಡ. ಅರ್ಧ ದಾರಿಯಲ್ಲಿ ಮರ ಬಿದ್ದಿತ್ತು, ಅಲ್ಲಿಂದ ನಡಿಗೆ. ಉಂಬಳ (ಜಿಗಣೆ) ಹತ್ತಿ ಸಾಕ್ಸ್ ಎಲ್ಲ ರಕ್ತ. ಹೊಸ ಶೂ ಬಾಯಿ ಬಿಟ್ಟಿತು, ಅದಕ್ಕೆ ಮತ್ತೆ 1,200. ಟಿಕೆಟ್ಟಿಗೆ ಕೊಟ್ಟದ್ದು ನೂರೂ ಇಲ್ಲ ಮಾರಾಯ್ರೆ. ಆದರೂ ಅದೇ ನಿಜವಾದ ಸುತ್ತಾಟ. ಹೋದ ಬಸ್ಸಿನಲ್ಲೇ ಹತ್ತು ನಿಮಿಷಕ್ಕೆ ವಾಪಸ್ ಬರೋದು ಸುಮ್ನೆ ಟಿಕೆಟ್ ಹರಿಸಿಕೊಳ್ಳೋದು.

ಕುಮಟಾ ಅಕ್ಕ: ನಾನು ಅದೇ ಬಸ್ಸಿನಲ್ಲೇ ವಾಪಸ್ ಬರೋಳು. ಏನೀಗ? ಸಂಜೆ ಮನೆಯಲ್ಲಿ ದೀಪ ಹಚ್ಚೋರು ಯಾರು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ಸುತ್ತಾಟ ಚಿಗುರಿದ್ದು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಹರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿ, ಅಲ್ಲಿಂದ ಬನವಾಸಿ. ಮಧುಕೇಶ್ವರನಿಗೆ ಕೈ ಮುಗಿದು ವಾಪಸ್. ಕಿಟಕಿ ಸೀಟು ಬೇಕಂದ್ರೆ ಬಸ್ ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಕರ್ಚೀಫ್ ಒಳಗೆ ಹಾಕಬೇಕು. ನನ್ನ ಎರಡು ಒಳ್ಳೆ ಕರ್ಚೀಫ್ ಹೋದವು. ಒಂದು ಕಸೂತಿಯದು, ಅತ್ತೆ ಕೊಟ್ಟದ್ದು.

ಟಿಕೆಟ್ ಸಂಗ್ರಹ: ಪುಕ್ಕಟೆ ಹೋಗೋದು ಹವ್ಯಾಸ ಹೇಗಾಗುತ್ತೆ? 2025ರ ಜನವರಿ 5ರಿಂದ ದರ ಶೇ. 15 ಏರಿತಲ್ಲ, ಅದರ ಬಿಸಿ ತಟ್ಟಿದ್ದು ನಮಗೆ. ಪ್ರತಿ ಟಿಕೆಟ್ ಇಟ್ಟಿದ್ದೇನೆ. ಮಷಿನ್ ಟಿಕೆಟ್ ವರ್ಷದೊಳಗೆ ಅಕ್ಷರ ಮಾಸಿ ಬಿಳಿ ಚೀಟಿಯಾಗುತ್ತದೆ. ಅದಕ್ಕೇ ಜೆರಾಕ್ಸ್, ಆಲ್ಬಂ, ಪ್ಲಾಸ್ಟಿಕ್ ಹಾಳೆ. ಪ್ರಯಾಣಕ್ಕಿಂತ ಇದಕ್ಕೇ ಜಾಸ್ತಿ ಹೋಗಿದೆ. ಇನ್ನೊಂದು, ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೀತಾರಲ್ಲ, ಆ ಟಿಕೆಟ್ ವಾಪಸ್ ಕೊಟ್ಟರೆ ಮಾತ್ರ ದುಡ್ಡು. ಸಂಗ್ರಹಕ್ಕೋಸ್ಕರ ನಾನು ಬಿಟ್ಟ ಚಿಲ್ಲರೆಯಲ್ಲಿ ಒಂದು ಸೈಕಲ್ ಬರ್ತಿತ್ತು.

ಕುಮಟಾ ಅಕ್ಕ: ಹಾಗಾದ್ರೆ ಸೈಕಲ್ ತಗೊಂಡು ಸುತ್ತಿ. ಸೊನ್ನೆ ಟಿಕೆಟ್ಟೂ ಟಿಕೆಟ್ಟೇ.

ಕಾಳಿ ದಂಡೆ: ಘಟ್ಟ ಯಾಕೆ ಬೇಕು? ಕಾರವಾರದಿಂದ ಕದ್ರಾ ಕಡೆ ಹೋಗಿ. ನದಿ ಪಕ್ಕದ ದಾರಿ, ಮಲ್ಲಾಪುರ, ಆಮೇಲೆ ಡ್ಯಾಮ್. ನಾನು ಮೊದಲು ಸದಾಶಿವಗಡ ಕಡೆಯ ರೂಟ್ ಹಿಡಿಯುತ್ತಿದ್ದೆ. 2024ರ ಆಗಸ್ಟ್‌ನಲ್ಲಿ ಕಾಳಿ ಹಳೇ ಸೇತುವೆ ರಾತ್ರೋರಾತ್ರಿ ಬಿತ್ತು. ಹೋಗೋ ಗಾಡಿ, ಬರೋ ಗಾಡಿ ಎಲ್ಲ ಹೊಸ ಸೇತುವೆಗೇ ಬಂದ ಮೇಲೆ ನನ್ನ ಟೈಮ್ ಲೆಕ್ಕ ಪೂರ್ತಿ ಹಾಳು. ಆ ವರ್ಷವೇ ಹಾಗೆ. ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಕುಮಟಾ ರೂಟ್ ಬಂದ್ ಆಗಿ, ಬರೆದಿಟ್ಟಿದ್ದ ಪ್ಲಾನ್ ಎಲ್ಲ ನೀರಲ್ಲಿ ಹೋಮ.

ಅಂಕೋಲಾದವ: ಶಿರೂರಿನಲ್ಲಿ ಜನ ಮಣ್ಣಡಿ ಹೋದರು. ನಿಮಗೆ ರೂಟ್ ತಪ್ಪಿದ ಚಿಂತೆ. ಸ್ವಲ್ಪ ನೋಡಿ ಬರೀರಿ.

ಕಾಳಿ ದಂಡೆ: ನಮ್ಮವರೂ ಆ ದಾರಿಯಲ್ಲೇ ದಿನಾ ಓಡಾಡ್ತಿದ್ದರು ಸ್ವಾಮಿ. ನನಗೆ ಪಾಠ ಬೇಡ.

ವಸ್ತಿ ಬಸ್: ಕರಾವಳಿ ಬಸ್ಸಿನಲ್ಲಿ ಇನ್ನೊಂದು ಕಷ್ಟ. ಮೀನು ಬುಟ್ಟಿ ಕಾಲಡಿಗೇ ಇಡ್ತಾರೆ. ನೀರು ಸೋರಿ ನನ್ನ ಬ್ಯಾಗು ವಾರಗಟ್ಟಲೆ ನಾರಿತು.

ಅಂಕೋಲಾದವ: ನಿಮ್ಮ ಘಟ್ಟದ ಬಸ್ಸಿನಲ್ಲಿ ಹಸಿ ಅಡಿಕೆ ಮೂಟೆ ಇಟ್ಟು ಬಾಗಿಲೇ ಕಟ್ಟಿರ್ತಾರಲ್ಲ, ಅದು ಪರಿಮಳವಾ? ಮೀನು ಮಾರೋ ಹೆಂಗಸರು ಬುಟ್ಟಿಗೂ ಲಗೇಜು ಕೊಟ್ಟೇ ಬರೋದು. ಹೊಟ್ಟೆಪಾಡಿಗೆ ಹತ್ತುತ್ತಾರೆ, ನಿಮ್ಮ ಹಾಗೆ ಮಜಾಕ್ಕಲ್ಲ.

ಟಿಕೆಟ್ ಸಂಗ್ರಹ: ಲಗೇಜು ಅಂದ್ರಲ್ಲ, ಕೋಳಿಗೆ ಹರಿದ ಟಿಕೆಟ್ ಯಾರ ಹತ್ತಿರಾದ್ರೂ ಇದೆಯಾ? ಬದಲಿಗೆ ಗೋವಾ ಕದಂಬ ಬಸ್ಸಿನ ಮಡಗಾಂವ್ ಟಿಕೆಟ್ ಕೊಡ್ತೇನೆ. ಮಾಸಿಲ್ಲ.

ಕುಮಟಾ ಅಕ್ಕ: ನನ್ನ ಹತ್ತಿರ ಇದೆ. ನಾಟಿ ಹುಂಜದ್ದು. ನನಗೆ ಸೊನ್ನೆ, ಹುಂಜಕ್ಕೆ ದುಡ್ಡು. ನಿಮಗಂತೂ ಕೊಡೋದಿಲ್ಲ.