ಕಾರು ಯಾವುದಾದರೂ ಆಗಲಿ, ಲೈಸೆನ್ಸ್ ಇಬ್ಬರಿಗೂ ಇರಲಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ರೆಡಿಂಗ್‌ನಿಂದ ಒಬ್ಬರು ಇಲ್ಲಿ, ಇಂಗ್ಲೆಂಡಿನ ಕನ್ನಡಿಗರ ಈ ಬಳಗದಲ್ಲಿ, ಕೇಳಿದ್ದರು. ಇಂಗ್ಲೆಂಡಿಗೆ ಬಂದು ಐದು ತಿಂಗಳಾಗಿದೆ, ಮಗಳು ಸೆಪ್ಟೆಂಬರ್‌ಗೆ ಸ್ಕೂಲು ಸೇರುತ್ತಾಳೆ, ಹೊಸ ಕಾರು ತಗೊಳ್ಳೋದಾ ಹಳೇದಾ, ಪೆಟ್ರೋಲಾ ಡೀಸೆಲ್ಲಾ ಎಲೆಕ್ಟ್ರಿಕ್ಕಾ ಅಂತ. ತುಂಬಾ ಉತ್ತರ ಬಂದವು. ಎಲ್ಲ ಓದಿದೆ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ: ನಿಮ್ಮ ಮನೆಯವರು ಗಾಡಿ ಓಡಿಸುತ್ತಾರಾ? ಅದಕ್ಕೇ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಸ್ವಿಂಡನ್‌ಗೆ ಬಂದಿದ್ದು 2012ರಲ್ಲಿ. ಮಗಳಿಗೆ ಆಗ ನಾಲ್ಕು ವರ್ಷ. ಊರಲ್ಲಿ ನಾನು ಕಾರು ಓಡಿಸುತ್ತಿದ್ದೆ. ಅಪ್ಪನನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಎಷ್ಟು ಸಲ ಹೋಗಿ ಬಂದಿದ್ದೆನೋ ಲೆಕ್ಕವಿಲ್ಲ. ಇಲ್ಲಿಗೆ ಬಂದ ಮೇಲೆ ಸ್ಟೀರಿಂಗ್ ಹಿಡಿದಿದ್ದು ನಮ್ಮ ಯಜಮಾನರು ಮಾತ್ರ. ಇನ್ಶೂರೆನ್ಸ್‌ನಲ್ಲಿ ನನ್ನ ಹೆಸರು ಸೇರಿಸಿದರೆ ಜಾಸ್ತಿ ದುಡ್ಡು ಆಗುತ್ತೆ, ಮುಂದೆ ನೋಡಿದರಾಯ್ತು ಅಂತ ಇಬ್ಬರೂ ಸೇರಿಯೇ ಬಿಟ್ಟೆವು.

ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿ ಓಡಿಸಬಹುದಾದದ್ದು ನೆಲೆಸಿದ ದಿನದಿಂದ 12 ತಿಂಗಳು ಮಾತ್ರ. ಕೆಲವು ದೇಶಗಳ ಲೈಸೆನ್ಸ್ ಕೊಟ್ಟು ಇಲ್ಲಿಯದನ್ನು ಪಡೆಯಬಹುದು. ನಮ್ಮದಕ್ಕೆ ಆ ಅನುಕೂಲವಿಲ್ಲ. ವರ್ಷ ಕಳೆದ ಮೇಲೆ ಎಲ್ಲರೂ ಹೊಸಬರೇ. ಪ್ರೊವಿಷನಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಥಿಯರಿ ಬರೆದು, ರಸ್ತೆಯಲ್ಲಿ ಪರೀಕ್ಷೆ ಕೊಡಬೇಕು. ಈ 12 ತಿಂಗಳು ಗಂಡನಿಗೆ ಹೇಗೆ ಕಳೆಯುತ್ತೋ ಹೆಂಡತಿಗೂ ಹಾಗೇ ಕಳೆಯುತ್ತೆ. ಅವಳು ಕಾರು ಮುಟ್ಟಿರಲಿ, ಬಿಡಲಿ. ನನ್ನ ವರ್ಷ ಅಡುಗೆಮನೆ ಕಿಟಕಿಯಿಂದ ನಿಂತ ಕಾರನ್ನು ನೋಡುತ್ತಲೇ ಮುಗಿದುಹೋಯಿತು.

2014ರ ಜನವರಿಯ ಒಂದು ರಾತ್ರಿ. ಯಜಮಾನರು ಆಫೀಸಿನ ಕೆಲಸಕ್ಕೆ ರೈಲಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿದ್ದರು. ಮಗಳಿಗೆ ಜ್ವರ ಏರುತ್ತಲೇ ಇತ್ತು. 111ಕ್ಕೆ, ಅಂದರೆ ಸರ್ಕಾರಿ ಆರೋಗ್ಯ ಸಹಾಯವಾಣಿಗೆ, ಫೋನ್ ಮಾಡಿದೆ. ಒಂದು ಗಂಟೆಯೊಳಗೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಂದರು. ರಾತ್ರಿ ಎರಡು ಗಂಟೆ, ಯಾವ ಟ್ಯಾಕ್ಸಿಯವರೂ ಸಿಗಲಿಲ್ಲ. ಕಾರು ಬಾಗಿಲ ಮುಂದೆಯೇ ನಿಂತಿತ್ತು. ಕೀ ಮೊಳೆಯಲ್ಲಿ ನೇತಾಡುತ್ತಿತ್ತು. ಕೊನೆಗೆ ಪಕ್ಕದ ಮನೆ ಬಾಗಿಲು ಬಡಿದೆ. ಅವರು ಹೋಂಡಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು. ರಾತ್ರಿಯ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು ಬಂದು, ಗಾಜಿನ ಮೇಲಿನ ಮಂಜನ್ನು ಕೆರೆದರು. ನಮ್ಮ ಕಾರಿನಿಂದ ಮಗುವಿನ ಸೀಟು ಬಿಚ್ಚಿ ತಮ್ಮ ಕಾರಿಗೆ ಕೂರಿಸಿ, ಬೆಲ್ಟು ಎಳೆದು ಎಳೆದು ನೋಡಿದರು. ನಾನು ಮಗಳನ್ನು ಶಾಲಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಮಗಳು ಬೆಳಗಿನ ಹೊತ್ತಿಗೆ ಚೇತರಿಸಿಕೊಂಡಳು. ಅವತ್ತೇ ಪ್ರೊವಿಷನಲ್‌ಗೆ ಅರ್ಜಿ ಹಾಕಿದೆ.

ಈಗ ಆನ್‌ಲೈನ್‌ನಲ್ಲಿ ಅದಕ್ಕೆ 34 ಪೌಂಡ್. ಥಿಯರಿ ಪರೀಕ್ಷೆಗೆ 23, ಪ್ರಾಕ್ಟಿಕಲ್‌ಗೆ ವಾರದ ದಿನಗಳಲ್ಲಾದರೆ 62. ಥಿಯರಿಯಲ್ಲಿ 50 ಪ್ರಶ್ನೆ, 43 ಸರಿ ಬರಬೇಕು. ಆಮೇಲೆ ರಸ್ತೆಯ ವಿಡಿಯೋ ತೋರಿಸುತ್ತಾರೆ. ಅಪಾಯ ಶುರುವಾಗುತ್ತಿದ್ದ ಹಾಗೇ ಒತ್ತಬೇಕು. ಅದರಲ್ಲಿ 75ಕ್ಕೆ 44 ಬೇಕು. ನಮ್ಮವರು ಪ್ರಶ್ನೆಗಳನ್ನು ಓದಿ ಪಾಸಾಗುತ್ತಾರೆ, ವಿಡಿಯೋದಲ್ಲಿ ಎಡವುತ್ತಾರೆ. ಅದನ್ನೇ ಜಾಸ್ತಿ ಅಭ್ಯಾಸ ಮಾಡಿ.

ನಿಜವಾದ ಕಷ್ಟ ಊರಲ್ಲಿ ಕಲಿತದ್ದನ್ನು ಮರೆಯುವುದು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಬೀದಿಯ ಎರಡೂ ಕಡೆ ಕಾರು ನಿಲ್ಲಿಸಿರುತ್ತಾರೆ, ಮಧ್ಯೆ ಒಂದೇ ಗಾಡಿಗೆ ಜಾಗ. ಎದುರಿಂದ ಬಂದ ವ್ಯಾನಿನವನು ಹೆಡ್‌ಲೈಟ್ ಮಿಣುಕಿಸಿದ. ಶಿವಮೊಗ್ಗದಲ್ಲಿ ಅದರ ಅರ್ಥ 'ನಾನು ಬರ್ತಿದ್ದೀನಿ, ನಿಂತ್ಕೋ'. ನಾನು ಬ್ರೇಕು ಒತ್ತಿ ಕೂತೆ. ಅವನೂ ನಿಂತೇ ಇದ್ದ. ಮತ್ತೆ ಮಿಣುಕಿಸಿದ. ಆಗ ಹೇಳಿಕೊಡುತ್ತಿದ್ದ ಮೇಡಂ, ಅವನು ದಾರಿ ಬಿಡುತ್ತಿದ್ದಾನಮ್ಮ, ನೀನು ಹೋಗು ಅಂದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ಇಲ್ಲಿಯ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಪ್ರಕಾರ ಲೈಟ್ ಮಿಣುಕಿಸುವುದು 'ನಾನಿದ್ದೇನೆ' ಅಂತ ತಿಳಿಸಲು ಮಾತ್ರ. ಹಾಗಾಗಿ ಲೈಟನ್ನು ನಂಬಬೇಡ, ಅವನ ಚಕ್ರ ನಿಂತಿದೆಯಾ ನೋಡು. ಈ ಮಾತನ್ನು ನನ್ನ ಮಗಳಿಗೂ ಹೇಳಿಕೊಟ್ಟಿದ್ದೇನೆ.

ಇನ್ನು ಸ್ವಿಂಡನ್‌ನ ಮ್ಯಾಜಿಕ್ ರೌಂಡಬೌಟ್ ಅನ್ನೋ ಸರ್ಕಲ್. 1972ರಲ್ಲಿ ಮಾಡಿದ್ದು. ಐದು ಪುಟ್ಟ ವೃತ್ತಗಳು, ಅವುಗಳ ನಡುವೆ ಇನ್ನೊಂದು. ನಡುವಿನದರಲ್ಲಿ ಗಾಡಿಗಳು ಉಲ್ಟಾ ದಿಕ್ಕಿಗೆ ಸುತ್ತುತ್ತವೆ. ಮೊದಲ ದಿನ ನೋಡಿ ಅಂಗೈ ಬೆವರಿತ್ತು. ಮೇಡಂ ಹೇಳಿದ್ದು ಇಷ್ಟೇ: ಪೂರ್ತಿ ನೋಡಬೇಡ, ಮುಂದಿನ ಒಂದು ಪುಟ್ಟ ವೃತ್ತ ನೋಡು, ಬಲಗಡೆಯಿಂದ ಬರುವವರಿಗೆ ದಾರಿ ಬಿಡು, ಆಮೇಲೆ ಅದರ ಮುಂದಿನದು. ಮೊದಲ ಪರೀಕ್ಷೆಯಲ್ಲಿ ನಾನು ಫೇಲ್. ದಾರಿ ಖಾಲಿ ಇದ್ದರೂ ಅಳುಕಿ ನಿಂತುಬಿಟ್ಟೆ. ಇಲ್ಲಿ ಹಾಗೆ ನಿಲ್ಲುವುದೂ ತಪ್ಪು. 2015ರ ಮಾರ್ಚ್‌ನಲ್ಲಿ ಎರಡನೇ ಸಲ ಪಾಸಾದೆ.

"ನಾನೇ ಮನೆಯವರಿಗೆ ಕಲಿಸ್ತೀನಿ, ಬೆಂಗಳೂರಲ್ಲಿ ಹದಿನೈದು ವರ್ಷ ಓಡಿಸಿದ್ದೀನಿ" ಅಂತ ಇಲ್ಲಿ ಕೆಲವರು ಬರೆದಿದ್ದರು. ದಯವಿಟ್ಟು ಗಮನಿಸಿ. ಪಕ್ಕದಲ್ಲಿ ಕೂತು ಕಲಿಸುವವರಿಗೆ 21 ವರ್ಷ ತುಂಬಿರಬೇಕು, ಪೂರ್ಣ ಲೈಸೆನ್ಸ್ ಬಂದು 3 ವರ್ಷ ಆಗಿರಬೇಕು. ಆ ಲೈಸೆನ್ಸ್ ಇಲ್ಲಿಯದೋ, ಯುರೋಪಿಯನ್ ಒಕ್ಕೂಟದ್ದೋ, ಸ್ವಿಟ್ಜರ್ಲೆಂಡ್, ನಾರ್ವೆಯಂಥ ಕೆಲವು ದೇಶಗಳದ್ದೋ ಆಗಿರಬೇಕು. ಬೆಂಗಳೂರಿನ ವರ್ಷಗಳು ಲೆಕ್ಕಕ್ಕಿಲ್ಲ. ಹೋದ ವರ್ಷ ಪಾಸಾದ ಗಂಡ ಪಕ್ಕದಲ್ಲಿ ಕೂತು ಕಲಿಸಿದರೆ ಅದು ಕಾನೂನಿಗೆ ವಿರುದ್ಧ. ನಮ್ಮ ಕಡೆ ಕ್ಲಾಸಿಗೆ ಗಂಟೆಗೆ ನಲವತ್ತು ಪೌಂಡಿನ ಆಸುಪಾಸು. ಜಾಸ್ತಿ ಅನ್ನಿಸುತ್ತೆ, ಗೊತ್ತು. ಆದರೆ ಆ ದುಡ್ಡನ್ನು ಎಲ್ಲಿ ಉಳಿಸಬಹುದು ಅಂತಾನೂ ಹೇಳುತ್ತೇನೆ.

ಕಾರಿನಲ್ಲಿ ಉಳಿಸಿ. ಪಿಸಿಪಿ ಅನ್ನೋ ಕಂತಿನ ಯೋಜನೆಯಲ್ಲಿ ಹೊಸ ನಂಬರ್ ಪ್ಲೇಟಿನ ಕಾರು ಸುಲಭವಾಗಿ ಸಿಗುತ್ತೆ ನಿಜ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಪ್ಲೇಟಿನ ಅಂಕಿ ಬದಲಾಗುತ್ತಿದ್ದ ಹಾಗೆ ನಮ್ಮ ಬಳಗದಲ್ಲಿ ಫೋಟೋಗಳು ಶುರುವಾಗುತ್ತವೆ. ತಿಂಗಳ ಕಂತು ಚಿಕ್ಕದಾಗಿ ಕಾಣುವುದು ಕೊನೆಗೆ ಒಂದು ದೊಡ್ಡ ಮೊತ್ತ ಉಳಿಸಿರುವುದರಿಂದ. ಅದನ್ನು ಕಟ್ಟುವವರೆಗೂ ಕಾರು ನಿಮ್ಮದಲ್ಲ. ವಾಪಸ್ ಕೊಟ್ಟರೆ ಎಷ್ಟು ಮೈಲಿ ಓಡಿದೆ, ಸೀಟಿನ ಮೇಲೆ ಏನು ಕಲೆ ಇದೆ ಎಲ್ಲಾ ನೋಡುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಆ ಭಯ ಬೇಕಾ?

ನಾವು ಮೊದಲು ಕೊಂಡಿದ್ದು ಹಳೇ ಡೀಸೆಲ್. ಊರಲ್ಲಿ ಡೀಸೆಲ್ ಅಂದರೆ ಉಳಿತಾಯ ಅಂತ ತಲೆಯಲ್ಲಿ ಕೂತಿತ್ತಲ್ಲ. ದಿನಾ ಎರಡು ಮೈಲಿ ಸ್ಟೇಷನ್‌ಗೆ, ಎರಡು ಮೈಲಿ ವಾಪಸ್. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಆಗಾಗ ಮೋಟರ್‌ವೇಯಲ್ಲಿ ದೂರ ಓಡಿಸಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತೆ. ನಮ್ಮದು ಕಟ್ಟಿಕೊಂಡು, ರಿಪೇರಿಗೆ ಸಾವಿರ ಪೌಂಡ್ ಮೇಲಾಯಿತು. ಸ್ಕೂಲಿಗೆ ಬಿಟ್ಟು ಕರೆತರುವ ಕಾರಿಗೆ ಡೀಸೆಲ್ ಬೇಡವೇ ಬೇಡ. ಲಂಡನ್‌ನ ಯುಲೆಜ್ ಕೂಡ ನೆನಪಿರಲಿ, ಹೆಚ್ಚು ಹೊಗೆ ಉಗುಳುವ ಗಾಡಿಗಳಿಗೆ ದಿನದ ಶುಲ್ಕ ಹಾಕುವ ವಲಯ ಅದು. 2023ರ ಆಗಸ್ಟ್ 29ರಿಂದ ಅದು ಇಡೀ ಗ್ರೇಟರ್ ಲಂಡನ್‌ಗೆ ಅನ್ವಯ. 2015ರ ಸೆಪ್ಟೆಂಬರ್‌ಗಿಂತ ಹಳೆಯ ಡೀಸೆಲ್ ಕಾರುಗಳಲ್ಲಿ ಬಹುಪಾಲಿಗೆ ದಿನಕ್ಕೆ 12.50 ಪೌಂಡ್. ಹ್ಯಾರೋದ ನೆಂಟರ ಮನೆಗೆ ಹೋದರೂ ಅಷ್ಟೇ, ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ನೋಡಲು ಹೋದರೂ ಅಷ್ಟೇ.

2014ರ ಕೊನೆಗೆ ಐದು ವರ್ಷ ಹಳೆಯ ಪೆಟ್ರೋಲ್ ಹೋಂಡಾ ಜಾಜ್ ತಗೊಂಡೆವು. ಪಕ್ಕದ ಮನೆಯ ಹಿರಿಯರೇ ಜೊತೆಗೆ ಬಂದರು. ಕಾರು ನೋಡುವ ಮೊದಲೇ ಅವರು ಎಂಒಟಿ ಇತಿಹಾಸ ತೆಗೆಸಿದರು. ಹೊಸ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಆಗಬೇಕಾದ ಪರೀಕ್ಷೆ ಅದು. ನಂಬರ್ ಪ್ಲೇಟ್ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲಾ ಬಿಟ್ಟಿ ಸಿಗುತ್ತೆ: ಯಾವ ವರ್ಷ ಎಷ್ಟು ಮೈಲಿ, ಯಾಕೆ ಫೇಲ್, ಏನು ಎಚ್ಚರಿಕೆ ಕೊಟ್ಟಿದ್ದರು. ಸಂಬಂಧ ನೋಡುವಾಗ ಜಾತಕ ನೋಡುತ್ತೇವಲ್ಲ, ಹಾಗೆ ಓದಿ. ನಾವು ಇಷ್ಟಪಟ್ಟಿದ್ದ ಮೊದಲ ಕಾರಿಗೆ 'ಹಿಂದಿನ ಟೈರು ಒಳಬದಿ ಸವೆದಿದೆ' ಅಂತ ಎರಡು ವರ್ಷ ಒಂದೇ ಮಾತು ಬರೆದಿತ್ತು. ಟೈರನ್ನೇ ಬದಲಿಸದವರು ಎಣ್ಣೆ ಬದಲಿಸಿರುತ್ತಾರಾ ಅಂದರು ಹಿರಿಯರು. ಅದನ್ನು ಬಿಟ್ಟೆವು. ಜಾಜ್‌ನ ಹಿಂದಿನ ಸೀಟನ್ನು ಸಿನಿಮಾ ಕುರ್ಚಿಯ ಹಾಗೆ ಮೇಲಕ್ಕೆ ಎತ್ತಬಹುದು. ಅಕ್ಕಿ ಮೂಟೆ, ಮಗುವಿನ ತಳ್ಳುಗಾಡಿ ಎಲ್ಲಾ ಹಾಗೇ ನಿಲ್ಲಿಸುತ್ತಿದ್ದೆ. ಸ್ವಿಂಡನ್‌ನ ಹೋಂಡಾ ಫ್ಯಾಕ್ಟರಿ 2021ರಲ್ಲಿ ಮುಚ್ಚಿತು. ನಮ್ಮ ಬೀದಿಯಲ್ಲಿ ಅವತ್ತು ಎಷ್ಟೋ ಮನೆಗಳಲ್ಲಿ ಬೇಸರ.

ಒಂದು ತಪ್ಪು ನಾವೇ ಮಾಡಿದೆವು. ರಸ್ತೆ ತೆರಿಗೆ ಕಾರಿನ ಜೊತೆಗೇ ಬರುತ್ತೆ ಅಂದುಕೊಂಡಿದ್ದೆವು. 2014ರ ಅಕ್ಟೋಬರ್‌ನಿಂದ ಹಾಗಿಲ್ಲ. ಮಾರಿದವರಿಗೆ ಉಳಿದ ತಿಂಗಳ ದುಡ್ಡು ವಾಪಸ್ ಹೋಗುತ್ತೆ, ಕೊಂಡವರು ಅವತ್ತೇ ಹೊಸದಾಗಿ ಕಟ್ಟಬೇಕು. ನಮಗೆ ದಂಡದ ಕಾಗದ ಬಂತು. ಕಾರು ಮನೆಗೆ ತರುವ ಮೊದಲೇ ಫೋನಿನಲ್ಲಿ ತೆರಿಗೆಯನ್ನೂ ಇನ್ಶೂರೆನ್ಸನ್ನೂ ಮುಗಿಸಿಬಿಡಿ.

ಎಲೆಕ್ಟ್ರಿಕ್ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಮನೆ ಮುಂದೆ ಸ್ವಂತ ಜಾಗವಿದ್ದು ರಾತ್ರಿ ಚಾರ್ಜ್ ಮಾಡುವಂತಿದ್ದರೆ ಖಂಡಿತ ನೋಡಿ. ಮನೆಯ ಕರೆಂಟಿಗೆ ವ್ಯಾಟ್ 5%, ಬೀದಿಯ ಚಾರ್ಜರ್‌ಗೆ 20%. ಫ್ಲಾಟಿನಲ್ಲಿರುವವರಿಗೆ ಆ ಲೆಕ್ಕ ಕೂಡಿಬರುವುದು ಕಷ್ಟ. 2025ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರುಗಳಿಗೂ ರಸ್ತೆ ತೆರಿಗೆ ಇದೆ. ನಮ್ಮ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಲಂಡನ್ ಬೀದಿಗಳಲ್ಲಿ ಓಡಾಡಿತ್ತು. ಇಷ್ಟು ಬೇಗ ಅಂಥ ಹೆಜ್ಜೆ ಇಟ್ಟ ಕಾರು ನಮ್ಮೂರಿನದು ಅಂತ ನನಗೆ ಈಗಲೂ ಹೆಮ್ಮೆ.

ಮಕ್ಕಳ ಸೀಟಿನ ವಿಷಯಕ್ಕೆ ಮಾತ್ರ ರಾಜಿ ಬೇಡ. ಮಗ 2016ರಲ್ಲಿ ಹುಟ್ಟಿದಾಗ ಅತ್ತೆ ಬಂದಿದ್ದರು. ಆಸ್ಪತ್ರೆಯಿಂದ ಬರುವಾಗ ಅವನು ಅತ್ತಿದ್ದೇ ಅತ್ತಿದ್ದು. "ತೊಡೆ ಮೇಲೆ ಕೊಡಮ್ಮ, ಒಂದೇ ಮೈಲಿ ಅಲ್ವಾ" ಅಂದರು. ಅವರ ಕರುಳು ಚುರ್ ಅಂದಿತ್ತು. ನನಗೂ ಅಂದಿತ್ತು. ಯಜಮಾನರು ಕಾರು ಬದಿಗೆ ನಿಲ್ಲಿಸಿದರು. ಅತ್ತೆ ಸೀಟಿನ ಪಕ್ಕ ಕೂತು, ಮಗುವಿನ ಬೆರಳು ಹಿಡಿದು ಹಾಡು ಹೇಳಿದರು. ಅವನು ಸುಮ್ಮನಾದ ಮೇಲೆ ಹೊರಟೆವು. ಇಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಸೀಟು ಬೇಕೇ ಬೇಕು. ಎತ್ತರ ನೋಡಿ ಕೊಳ್ಳುವ ಹೊಸ ಬಗೆಯ ಸೀಟಾದರೆ 15 ತಿಂಗಳು ದಾಟುವವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಚಳಿಗಾಲದಲ್ಲಿ ಉಬ್ಬಿದ ಜಾಕೆಟ್ ಹಾಕಿ ಬೆಲ್ಟು ಬಿಗಿಯಬೇಡಿ. ಬೆಲ್ಟು ಬಿಗಿಯಾದಂತೆ ಕಾಣುತ್ತೆ, ಒಳಗೆ ಸಡಿಲ ಇರುತ್ತೆ. ಬೆಲ್ಟು ಹಾಕಿ, ಮೇಲೆ ಕಂಬಳಿ ಹೊದಿಸಿ.

ಆ ಜ್ವರದ ರಾತ್ರಿಯ ಮಗಳಿಗೆ ಈಗ 17. ಕಾರಿಗೆ ಕೆಂಪು ಎಲ್ ಅಂಟಿಸಿಕೊಂಡು ನನ್ನ ಜೊತೆ ಕಲಿಯುತ್ತಿದ್ದಾಳೆ. ಅವಳ ಇನ್ಶೂರೆನ್ಸ್‌ಗೆ ಬಂದ ಮೊದಲ ಕೊಟೇಶನ್ 1,900 ಪೌಂಡ್. "ಅಪ್ಪನೇ ಮುಖ್ಯ ಡ್ರೈವರ್ ಅಂತ ಹಾಕಿಬಿಡಿ" ಅಂತ ಒಬ್ಬರಲ್ಲ, ನಾಲ್ವರು ಹೇಳಿದರು. ದಿನಾ ಓಡಿಸುವವಳು ಅವಳಾಗಿದ್ದು ಅಪ್ಪನ ಹೆಸರು ಹಾಕಿದರೆ ಅದು ಮೋಸ. ಫ್ರಂಟಿಂಗ್ ಅನ್ನುತ್ತಾರೆ. ಗೊತ್ತಾದರೆ ಇನ್ಶೂರೆನ್ಸ್ ರದ್ದಾಗಬಹುದು. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕವಾಗಿ 6 ಪಾಯಿಂಟ್. ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತೆ, ಮತ್ತೆ ಮೊದಲಿಂದ ಶುರು. ಕೈಯಲ್ಲಿ ಫೋನ್ ಹಿಡಿದು ಓಡಿಸಿದರೂ ಒಂದೇ ಸಲಕ್ಕೆ 6 ಪಾಯಿಂಟ್. ನಲವತ್ತು ವಯಸ್ಸಿನಲ್ಲಿ ಇಲ್ಲಿ ಹೊಸದಾಗಿ ಪಾಸಾದ ನಮಗೂ ಇದೇ ನಿಯಮ. ನಾವು ಅವಳ ಹೆಸರನ್ನೇ ಮುಖ್ಯವಾಗಿಟ್ಟು, ನನ್ನ ಹೆಸರು ಜೊತೆಗೆ ಸೇರಿಸಿ, ಹೇಗೆ ಓಡಿಸುತ್ತಾಳೆ ಅಂತ ದಾಖಲಿಸುವ ಬ್ಲ್ಯಾಕ್ ಬಾಕ್ಸ್ ಹಾಕಿಸಲು ಒಪ್ಪಿದೆವು. ಸುಮಾರು ಇಳಿಯಿತು.

ಈಗ ರೆಡಿಂಗ್‌ನವರಿಗೆ. ನಿಮಗೆ ಇನ್ನೂ ಏಳು ತಿಂಗಳಿದೆ. ಮನೆಯವರ ಹತ್ತಿರ ಊರಿನ ಲೈಸೆನ್ಸ್ ಇದ್ದರೆ ಇವತ್ತೇ ಅವರ ಹೆಸರನ್ನು ಇನ್ಶೂರೆನ್ಸ್‌ಗೆ ಸೇರಿಸಿ, ಅವರೂ ಓಡಿಸಲಿ. ಇಬ್ಬರೂ ಪ್ರೊವಿಷನಲ್‌ಗೆ ಅರ್ಜಿ ಹಾಕಿ, ಥಿಯರಿ ಮುಗಿಸಿ. ಅದು ಎರಡು ವರ್ಷ ನಡೆಯುತ್ತೆ. ಪ್ರಾಕ್ಟಿಕಲ್‌ಗೆ ಎಷ್ಟೋ ಕಡೆ ತಿಂಗಳುಗಟ್ಟಲೆ ಕಾಯಬೇಕು, ತಡ ಮಾಡಬೇಡಿ. ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಗೇರ್ ಕಾರು ಓಡಿಸುವಂತಿಲ್ಲ, ಹಾಗಾಗಿ ಯಾವ ಕಾರು ಅಂತ ಇಬ್ಬರೂ ಕೂತು ಮಾತಾಡಿ.

ಸ್ವಿಂಡನ್ ಕಡೆ ಬಂದರೆ ಒಂದು ರಾತ್ರಿ ನಮ್ಮಲ್ಲಿ ಉಳಿಯಿರಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮ್ಯಾಜಿಕ್ ರೌಂಡಬೌಟ್ ಹೆಚ್ಚುಕಡಿಮೆ ಖಾಲಿ ಇರುತ್ತೆ. ನಿಮ್ಮ ಮನೆಯವರ ಪಕ್ಕದಲ್ಲಿ ನಾನೇ ಕೂರುತ್ತೇನೆ. ವಾಪಸ್ ಬಂದು ಅಕ್ಕಿ ರೊಟ್ಟಿ ತಿನ್ನೋಣ.